ಓತ್ವಕ್ಕೆ ದೀರ್ಘ

ಕನ್ನಡ ಎಂ.ಎ. ಮಾಡಿಕೊಂಡವನನ್ನು ಲೋಕದಲ್ಲಿ ಎರಡು ಬಗೆಯ ಕೆಲಸಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ: ಒಂದು, ಮದುವೆಯ ಕರೆಯೋಲೆಯ ಕರಡು ತಿದ್ದುವುದು, ಇನ್ನೊಂದು, ಸಭೆಯ ಕೊನೆಯಲ್ಲಿ ವಂದನಾರ್ಪಣೆ ಮಾಡುವುದು. ಹತ್ತು ವರ್ಷಗಳಿಂದ ಈ ಎರಡನ್ನೂ ನಿಷ್ಠೆಯಿಂದ ನಡೆಸಿಕೊಂಡು ಬಂದ ನಾನು ಮೂರನೆಯದೊಂದನ್ನು ಕೈಯಾರೆ ತಂದುಕೊಂಡೆ. ಅದು ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವ ಕೆಲಸ.

ಯಾರೂ ನನ್ನನ್ನು ಬೇಡಿಕೊಂಡಿರಲಿಲ್ಲ. ಒಂದು ಬೇಸಿಗೆಯ ರಜೆಯಲ್ಲಿ, ಹೊತ್ತು ಹೋಗದೆ, ಜಾವಾಸ್ಕ್ರಿಪ್ಟ್ ಎಂಬ ಭಾಷೆಯನ್ನು ಕಲಿತೆ. ಹಳಗನ್ನಡ ಕಲಿತವನಿಗೆ ಇನ್ನೊಂದು ಭಾಷೆ ಯಾವ ಮಹಾ ಲೆಕ್ಕ ಎಂಬ ಜಂಬವೂ ಸ್ವಲ್ಪ ಇತ್ತು. ಅದಕ್ಕೂ ವ್ಯಾಕರಣವಿದೆ, ಅದಕ್ಕೂ ವಿರಾಮಚಿಹ್ನೆಗಳಿವೆ. ತಪ್ಪು ಮಾಡಿದರೆ ಅದೂ ನಮ್ಮ ಹಿರಿಯ ಪಂಡಿತರಂತೆ ಕಾರಣ ಹೇಳದೆ ಮುಖ ತಿರುಗಿಸುತ್ತದೆ. ನನಗೆ ಪರಿಚಿತ ಲೋಕವೇ ಎನಿಸಿತು.

ನಮ್ಮ ಕಾಲೇಜಿನಲ್ಲಿ ಹಳೆಯ ವಿದ್ಯಾರ್ಥಿಗಳು ಸೇರಿ ಕಟ್ಟಿದ ಬಡ ವಿದ್ಯಾರ್ಥಿ ನಿಧಿಯೊಂದಿದೆ. ಪ್ರತಿವರ್ಷ ಅದರಿಂದ ಕೆಲವರಿಗೆ ಪರೀಕ್ಷಾ ಶುಲ್ಕವೂ ಪುಸ್ತಕದ ಹಣವೂ ದೊರೆಯುತ್ತವೆ. ಅರ್ಹರ ಪಟ್ಟಿಯನ್ನು ಸೂಚನಾಫಲಕಕ್ಕೆ ಅಂಟಿಸುವುದು ವಾಡಿಕೆ. ಆದರೆ, ‘ಇವರು ಬಡವರು’ ಎಂದು ಹೆಸರು ಹಿಡಿದು ಊರಿಗೆಲ್ಲ ಸಾರಿದಂತಾಗುವ ಆ ಪದ್ಧತಿ ನನಗೆ ಸರಿಬೀಳುತ್ತಿರಲಿಲ್ಲ. ಒಂದು ಜಾಲಪುಟ ಮಾಡೋಣ, ವಿದ್ಯಾರ್ಥಿಯು ತನ್ನ ಹೆಸರನ್ನೂ ಹುಟ್ಟಿದ ದಿನವನ್ನೂ ಬರೆದರೆ ಪಟ್ಟಿಯಲ್ಲಿರುವುದು ಅವನಿಗೊಬ್ಬನಿಗೇ ತಿಳಿಯಲಿ, ಅಲ್ಲಿಂದಲೇ ಒಪ್ಪಿಗೆಯನ್ನೂ ಕೊಡಲಿ ಎಂದು ಪ್ರಿನ್ಸಿಪಾಲರಿಗೆ ಹೇಳಿದೆ. ಅವರು ಸಂತೋಷದಿಂದ ಒಪ್ಪಿ, “ಕನ್ನಡದಲ್ಲೇ ಮಾಡಿ ಮೇಷ್ಟ್ರೇ. ಬೇರೆಯವರು ಮಾಡಿದರೆ ಇಂಗ್ಲಿಷಿನಲ್ಲಿ ಮಾಡಿಬಿಡುತ್ತಾರೆ” ಎಂದರು. ನನ್ನ ಎದೆ ಎರಡಂಗುಲ ಉಬ್ಬಿತು.

ಕಚೇರಿಯ ಪಟ್ಟಿ ಹಳೆಯ ಕಾಲದ ಅಕ್ಷರಶೈಲಿಯಲ್ಲಿತ್ತು. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿ ಬೆರಳಚ್ಚು ಮಾಡುತ್ತಿದ್ದರಲ್ಲ, ಆ ಬಗೆಯದು. ಅಲ್ಲಿ ಅಕ್ಷರವೆಂಬುದಿಲ್ಲ, ಅಕ್ಷರದ ಅಂಗಾಂಗಗಳಿವೆ: ಏತ್ವ ಒಂದು ತುಂಡು, ಕೊಂಬು ಒಂದು ತುಂಡು, ದೀರ್ಘ ಒಂದು ತುಂಡು. ಅದನ್ನು ಯೂನಿಕೋಡಿಗೆ ಪರಿವರ್ತಿಸಲು ನಾನೇ ಒಂದು ಪಟ್ಟಿ ಮಾಡಿಕೊಂಡು, ಈ ತುಂಡು ಬಂದರೆ ಈ ಚಿಹ್ನೆ ಎಂದು ಹೊಂದಿಸಿದೆ. ಪರದೆಯ ಮೇಲೆ ಹೆಸರುಗಳು ಮುತ್ತಿನಂತೆ ಕಾಣಿಸಿದವು. ಒಂದೊಂದನ್ನೂ ಕಣ್ಣಿಟ್ಟು ಓದಿ ನೋಡಿದೆ; ತಪ್ಪಿರಲಿಲ್ಲ. ಬರೆದ ಹೆಸರಿಗೂ ಪಟ್ಟಿಯ ಹೆಸರಿಗೂ ನಡುವೆ ಮೂರು ಸಮಚಿಹ್ನೆಗಳನ್ನು ಇಟ್ಟೆ. ಆ ಭಾಷೆಯಲ್ಲಿ ಎರಡು ಸಮಚಿಹ್ನೆಗಳ ಹೋಲಿಕೆ ತುಸು ಉದಾರಿ. ಏನೂ ಬರೆಯದ ಖಾಲಿ ಪದವನ್ನು ಸೊನ್ನೆಗೆ ಸಮ ಎನ್ನುವಷ್ಟು ಉದಾರಿ. ಮೂರರದು ಕಟ್ಟುನಿಟ್ಟು. ಹಣದ ವಿಷಯ, ಕಟ್ಟುನಿಟ್ಟೇ ಇರಲಿ ಎಂದುಕೊಂಡೆ.

ಪುಟ ತೆರೆದದ್ದು ಸೋಮವಾರ. ಒಪ್ಪಿಗೆಗೆ ಕೊನೆಯ ದಿನ ಬುಧವಾರ.

ಮಂಗಳವಾರ ಮಧ್ಯಾಹ್ನ ಎರಡನೆಯ ವರ್ಷದ ಬಿ.ಎ. ಹುಡುಗಿಯೊಬ್ಬಳು ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತಳು. ಅವಳ ನಿಜವಾದ ಹೆಸರನ್ನು ಇಲ್ಲಿ ಹೇಳುವುದು ಉಚಿತವಲ್ಲ. ಗೋದಾವರಿ ಎಂದು ಕರೆಯೋಣ.

“ಸರ್, ನನ್ನ ಹೆಸರು ಇಲ್ಲ ಅಂತ ಬರುತ್ತೆ. ಆಫೀಸಿನಲ್ಲಿ ಇದೆ ಅಂದರು.”

ಅವಳ ಮೊಬೈಲನ್ನು ತೆಗೆದುಕೊಂಡು ನೋಡಿದೆ. ‘ಈ ಹೆಸರು ಪಟ್ಟಿಯಲ್ಲಿ ಇಲ್ಲ’ ಎಂದು ನಾನೇ ಬರೆದಿಟ್ಟ ವಾಕ್ಯ ನನ್ನನ್ನೇ ನೋಡಿತು. ತರಗತಿಗೆ ಹೊತ್ತಾಗಿತ್ತು. “ಹೆಸರನ್ನು ತಪ್ಪಾಗಿ ಬರೆದಿರಬೇಕು, ನೋಡಮ್ಮಾ. ಮೊಬೈಲಿನಲ್ಲಿ ಕನ್ನಡ ಬರೆಯುವಾಗ ನೀವೆಲ್ಲ ಹ್ರಸ್ವ ದೀರ್ಘ ನೋಡುವುದೇ ಇಲ್ಲ. ಮೊದಲು ನಿನ್ನ ಹೆಸರನ್ನು ಸರಿಯಾಗಿ ಬರೆಯುವುದನ್ನು ಕಲಿ” ಎಂದೆ. ಪಕ್ಕದಲ್ಲಿದ್ದ ಇಬ್ಬರು ಮಿತ್ರರು ನಕ್ಕರು.

ಹುಡುಗಿ ನಗಲಿಲ್ಲ. “ನನ್ನ ಹೆಸರು ಬರೆಯೋಕೆ ನನಗೆ ಬರುತ್ತೆ ಸರ್” ಎಂದು ಮೆಲ್ಲಗೆ ಹೇಳಿ ಹೊರಟುಹೋದಳು.

ಆ ಮಾತು ಪಾಠದ ನಡುವೆ ಎರಡು ಸಲ ನೆನಪಾಯಿತು. ಸಂಜೆ ಮನೆಗೆ ಬಂದವನೇ ಕಾಫಿಯ ಲೋಟವನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತೆ. ಯಾವ ಯಾವ ಹೆಸರು ಸಿಕ್ಕಲಿಲ್ಲ ಎಂಬುದನ್ನು ಪುಟ ಗುರುತು ಹಾಕಿಕೊಳ್ಳುತ್ತಿತ್ತು. ಅಷ್ಟು ಹೊತ್ತಿಗೆ ನಲವತ್ತು ಮಂದಿ ಹುಡುಕಿದ್ದರು. ಹದಿನೇಳು ಮಂದಿಗೆ ಇಲ್ಲವೆಂಬ ಉತ್ತರ ಹೋಗಿತ್ತು. ಹದಿನೇಳು ಮಂದಿ ತಮ್ಮ ಹೆಸರನ್ನು ತಾವೇ ತಪ್ಪು ಬರೆದರೇ? ಕನ್ನಡದ ಸ್ಥಿತಿಯ ಬಗ್ಗೆ ಎಷ್ಟೇ ಭಾಷಣ ಮಾಡಿದ್ದರೂ ಇದನ್ನು ನಂಬಲು ನನಗೆ ಆಗಲಿಲ್ಲ.

ಮೊದಲು ಗೋದಾವರಿಯ ಹೆಸರನ್ನು ನಾನೇ ಬೆರಳಚ್ಚು ಮಾಡಿದೆ. ಒಂದೊಂದು ಅಕ್ಷರವನ್ನೂ ನೋಡಿ ಮಾಡಿದೆ. ಇಲ್ಲ ಎಂದಿತು. ಕನ್ನಡ ಅಧ್ಯಾಪಕನಿಗೂ ಅವಳ ಹೆಸರು ಬರೆಯಲು ಬರುವುದಿಲ್ಲವೆಂದಾಯಿತು! ಆಮೇಲೆ ಪಟ್ಟಿಯಲ್ಲಿದ್ದ ಹೆಸರನ್ನೇ ಎತ್ತಿ ಇಲ್ಲಿ ಅಂಟಿಸಿ ನೋಡಿದೆ. ಇದೆ ಎಂದಿತು. ಎರಡನ್ನೂ ಒಂದರ ಕೆಳಗೊಂದು ಇಟ್ಟು ನೋಡಿದರೆ ಕೂದಲೆಳೆಯಷ್ಟೂ ಭೇದವಿಲ್ಲ. ನನ್ನ ಕಣ್ಣು ಒಂದೇ ಎನ್ನುತ್ತದೆ, ಯಂತ್ರ ಬೇರೆ ಎನ್ನುತ್ತದೆ. ಹುಡುಗಿಯ ಮಾತು ಸತ್ಯವೆಂಬುದು ಆ ಕ್ಷಣಕ್ಕೇ ಖಚಿತವಾಯಿತು, ಕಾಫಿ ತಣ್ಣಗಾಯಿತು.

ಇಂಥ ಹೊತ್ತಿನಲ್ಲಿ ಮನುಷ್ಯನು ಮೊದಲು ಸುಲಭದ ಉಪಾಯಗಳನ್ನು ಹುಡುಕುತ್ತಾನೆ. ಮೂರು ಸಮಚಿಹ್ನೆಗಳನ್ನು ಎರಡು ಮಾಡಿದೆ. ಪ್ರಯೋಜನವಾಗಲಿಲ್ಲ. ಅದರ ಔದಾರ್ಯವೆಲ್ಲ ಬೇರೆ ಬೇರೆ ಜಾತಿಯ ಪದಾರ್ಥಗಳನ್ನು ಹೋಲಿಸುವಾಗ ಮಾತ್ರ. ಎರಡೂ ಪದಗಳೇ ಆದಾಗ ಎರಡು ಚಿಹ್ನೆಗೂ ಮೂರು ಚಿಹ್ನೆಗೂ ವ್ಯತ್ಯಾಸವಿಲ್ಲ. ಮೂರನ್ನೇ ಮತ್ತೆ ಇಟ್ಟೆ. ಹೆಸರಿನ ಹಿಂದೆ ಮುಂದೆ ಖಾಲಿ ಜಾಗವೇನಾದರೂ ಸೇರಿದೆಯೇ ಎಂದು ‘ಟ್ರಿಮ್’ ಎಂಬ ಆಜ್ಞೆಯಿಂದ ಅಂಚು ಕತ್ತರಿಸಿದೆ. ಮೊಬೈಲು ಪದವನ್ನು ತಾನೇ ಸೂಚಿಸಿ ಬರೆದುಕೊಟ್ಟಾಗ ಕೊನೆಯಲ್ಲಿ ಒಂದು ಖಾಲಿ ಜಾಗವನ್ನೂ ಕೊಸರಾಗಿ ಕೊಡುವುದುಂಟು. ಇದರಿಂದ ನಾಲ್ಕು ಹೆಸರು ಸಿಕ್ಕವು. ಹದಿಮೂರು ಉಳಿದವು, ಗೋದಾವರಿ ಆ ಹದಿಮೂರರಲ್ಲಿ ಇದ್ದಳು.

ಇನ್ನು ಉದ್ದ ಅಳೆಯೋಣ ಎಂದುಕೊಂಡೆ. ಒಂದು ಪದದಲ್ಲಿ ಎಷ್ಟು ಕುರುಹುಗಳಿವೆ ಎಂದು ಕೇಳಿದರೆ ಯಂತ್ರ ಹೇಳುತ್ತದೆ. ಅದರ ಎಣಿಕೆಯ ಕ್ರಮವನ್ನು ತಿಳಿಯಲು ಮೊದಲು ‘ರಾಮ’ ಎಂದು ಕೊಟ್ಟೆ: ೩ ಎಂದಿತು. ನನಗೆ ರೋಮಾಂಚನವಾಯಿತು. ಗುರುವಿಗೆ ಎರಡು, ಲಘುವಿಗೆ ಒಂದು, ಮೂರು ಮಾತ್ರೆ! ‘ಗೋಪಾಲ’ ಎಂದೆ: ೫. ಎರಡು, ಎರಡು, ಒಂದು, ಐದು ಮಾತ್ರೆ! ಈ ಯಂತ್ರಕ್ಕೆ ಛಂದಸ್ಸು ಗೊತ್ತು ಎಂದು ಮನೆಯವರನ್ನು ಕೂಗಿ ಹೇಳುವುದರಲ್ಲಿದ್ದೆ. ಇನ್ನೊಂದಿರಲಿ ಎಂದು ‘ಹರಿ’ ಎಂದು ಕೊಟ್ಟೆ. ಎರಡು ಬರಬೇಕಾದ ಕಡೆ ೩ ಬಂತು, ಭ್ರಮೆ ಹರಿಯಿತು. ಅದು ಎಣಿಸುವುದು ಅಕ್ಷರವನ್ನೂ ಅಲ್ಲ, ಮಾತ್ರೆಯನ್ನೂ ಅಲ್ಲ. ಹ ಒಂದು, ರ ಒಂದು, ಗುಡಿಸು ಒಂದು. ‘ಲಕ್ಷ್ಮಿ’ ನಮಗೆ ಎರಡಕ್ಷರ, ಅದಕ್ಕೆ ಏಳು ಕುರುಹು.

ಆಮೇಲೆ ಗೋದಾವರಿ. ನಾನು ಬರೆದ ಗೋದಾವರಿಯ ಉದ್ದ ೭. ಪಟ್ಟಿಯ ಗೋದಾವರಿಯ ಉದ್ದ ೮. ಕಣ್ಣಿಗೆ ಕಾಣದ ಒಂದು ಕುರುಹು ಅಲ್ಲೆಲ್ಲೋ ಕುಳಿತಿತ್ತು. ಎಲ್ಲಿ?

ಹದಿಮೂರು ಹೆಸರುಗಳನ್ನು ಕಾಗದದ ಮೇಲೆ ಬರೆದುಕೊಂಡು, ಪಾಠಾಂತರ ಹುಡುಕುವವನಂತೆ ದಿಟ್ಟಿಸಿದೆ. ವೀಣಾ, ಶೇಖರ, ಲೋಕೇಶ, ಗೋದಾವರಿ ಹೀಗೆ. ದೀರ್ಘಸ್ವರಗಳಿರುವ ಹೆಸರುಗಳೇ ಹೆಚ್ಚು. ದೀರ್ಘವೇ ತೊಡಕೇ? ಆದರೆ ಯಾವ ತೊಂದರೆಯೂ ಇಲ್ಲದೆ ಸಿಕ್ಕವರ ಸಾಲಿನಲ್ಲಿ ಭೂಮಿಕಾ ಇದ್ದಳು, ರಾಧಾ ಇದ್ದಳು. ಭೂ ದೀರ್ಘವಲ್ಲವೇ? ರಾ ದೀರ್ಘವಲ್ಲವೇ? ವ್ಯಾಕರಣದ ಪ್ರಕಾರ ಆ, ಈ, ಊ, ಏ, ಓ ಎಲ್ಲವೂ ದೀರ್ಘಗಳೇ. ಯಂತ್ರ ಈ, ಏ, ಓಗಳನ್ನು ಮಾತ್ರ ಏಕೆ ಹೊರಗಿಟ್ಟಿತು? ನಾನು ಓದಿದ ವ್ಯಾಕರಣದಲ್ಲಿ ಇದಕ್ಕೆ ಸೂತ್ರವಿರಲಿಲ್ಲ.

ಸೂತ್ರ ಸಿಕ್ಕಿದ್ದು ನಡುಮನೆಯಲ್ಲಿ. ನನ್ನ ತಾಯಿ ಮೊಮ್ಮಗಳಿಗೆ ಕಾಗುಣಿತ ಹೇಳಿಕೊಡುತ್ತಿದ್ದರು. ಮಗು ಒಂದನೆಯ ತರಗತಿ. ಶಾಲೆಯಲ್ಲಿ ಈಗ ಕ, ಕಾ, ಕಿ, ಕೀ ಎಂದಷ್ಟೇ ಓದಿಸುತ್ತಾರೆ. ನನ್ನ ತಾಯಿಗೆ ಅದು ಸಾಲದು. ಅವರು ಹಳ್ಳಿಯ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದವರು. ತಾವು ಕಲಿತಂತೆಯೇ ಪ್ರತಿಯೊಂದು ಚಿಹ್ನೆಯ ಹೆಸರು ಹಿಡಿದು ರಾಗವಾಗಿ ಹೇಳಿಸುತ್ತಿದ್ದರು. ಕಕ್ಕೆ ಇಳಿ ಕೊಟ್ಟರೆ ಕಾ. ಗುಡಿಸು ಕೊಟ್ಟರೆ ಕಿ. ಗುಡಿಸಿಗೆ ದೀರ್ಘ ಕೊಟ್ಟರೆ ಕೀ. ಕೊಂಬು ಕೊಟ್ಟರೆ ಕು. ಮಗು ಅವಸರಪಟ್ಟು, “ಕೊಂಬಿಗೆ ದೀರ್ಘ, ಕೂ” ಎಂದಿತು.

“ಅಲ್ಲ ಕಂದಾ, ಕೊಂಬಿಗೆ ಇಳಿ, ಕೂ. ದೀರ್ಘ ಬರೋದು ಮೂರೇ ಕಡೆ: ಗುಡಿಸಿಗೆ, ಏತ್ವಕ್ಕೆ, ಓತ್ವಕ್ಕೆ” ಎಂದರು ನನ್ನ ತಾಯಿ.

ನಾನು ಎದ್ದು ನಿಂತೆ. ಗುಡಿಸಿಗೆ, ಏತ್ವಕ್ಕೆ, ಓತ್ವಕ್ಕೆ. ವೀಣಾ, ಶೇಖರ, ಗೋದಾವರಿ. ಭೂಮಿಕೆಗೂ ರಾಧೆಗೂ ಇರುವುದು ಇಳಿ; ಆದ್ದರಿಂದ ಅವರು ಪಾರಾದರು. ನಾನು ಸ್ವರವನ್ನು ನೋಡುತ್ತಿದ್ದೆ, ನೋಡಬೇಕಾಗಿದ್ದುದು ಚಿಹ್ನೆಯನ್ನು. ಹದಿನೈದು ವರ್ಷ ಕನ್ನಡ ಓದಿ ಬೋಧಿಸಿದವನು ಮರೆತದ್ದನ್ನು ನಾಲ್ಕನೆಯ ತರಗತಿಯವರು ಮರೆತಿರಲಿಲ್ಲ.

ಒಳಗೆ ಹೋಗಿ ಕುರುಹುಗಳ ಸಂಖ್ಯೆಯನ್ನು ಕೇಳಿದೆ. ಇಲ್ಲಿ ಓದುಗರಿಗೆ ಎರಡು ಮಾತು ಹೇಳಬೇಕು. ಯೂನಿಕೋಡ್ ಎಂಬುದು ಲೋಕದ ಲಿಪಿಗಳಿಗೆಲ್ಲ ಅಂಕೆ ಕೊಡುವ ವ್ಯವಸ್ಥೆ. ೧೯೯೧ರಲ್ಲಿ ಅದರ ಮೊದಲ ಆವೃತ್ತಿ ಬಂದಾಗಲೇ ಕನ್ನಡಕ್ಕೆ ಒಂದು ಕೇರಿ ದೊರೆಯಿತು: ೩೨೦೦ರಿಂದ ೩೩೨೭ರವರೆಗೆ, ೧೨೮ ಮನೆಗಳು. ಎಲ್ಲ ಮನೆಗಳಲ್ಲೂ ಒಕ್ಕಲಿಲ್ಲ, ಕೆಲವು ಖಾಲಿ. ಗಕಾರದ ಮನೆ ೩೨೨೩. ಓಕಾರದ ಚಿಹ್ನೆಯ ಮನೆ ೩೨೭೫. ಆದರೆ ಹ್ರಸ್ವ ಓತ್ವಕ್ಕೆ ೩೨೭೪ ಎಂಬ ಮನೆಯೂ, ಬರಿಯ ದೀರ್ಘಕ್ಕೆ ೩೨೮೫ ಎಂಬ ಪ್ರತ್ಯೇಕ ಮನೆಯೂ ಇವೆ. ಹುಡುಗಿಯ ಮೊಬೈಲು ೩೨೭೫ ಎಂಬ ಒಂದೇ ಕುರುಹನ್ನು ಬರೆದಿತ್ತು. ನನ್ನ ಪಟ್ಟಿಯಲ್ಲಿದ್ದುದು ೩೨೭೪ ಮತ್ತು ೩೨೮೫. ಪರದೆಯ ಮೇಲೆ ಎರಡೂ ‘ಗೋ’ ಎಂದೇ ಮೂಡುತ್ತವೆ. ಹಳೆಯ ಅಕ್ಷರಶೈಲಿಯ ತುಂಡುಗಳನ್ನು ಪರಿವರ್ತಿಸುವಾಗ ಏತ್ವವನ್ನೂ ಕೊಂಬಿನಿಳಿಯನ್ನೂ ಕೂಡಿಸಿ ಓತ್ವ ಮಾಡಲು ನೆನಪಿಟ್ಟಿದ್ದ ನಾನು, ಅದಕ್ಕೆ ದೀರ್ಘವನ್ನು ಕೂಡಿಸಲು ಮರೆತು, ಪಕ್ಕದಲ್ಲಿ ಬಿಡಿಯಾಗಿ ಇಟ್ಟುಬಿಟ್ಟಿದ್ದೆ.

ತಪ್ಪು ಹುಡುಗಿಯದಲ್ಲ, ಮೊಬೈಲಿನದಲ್ಲ, ಯಂತ್ರದ್ದೂ ಅಲ್ಲ. ಹ್ರಸ್ವ ದೀರ್ಘ ನೋಡದೆ ಹೋದವನು ಹ್ರಸ್ವ ದೀರ್ಘದ ಮೇಲೆ ಉಪದೇಶ ಮಾಡಿದವನೇ.

ಪರಿಹಾರ ಕಷ್ಟದ್ದಲ್ಲ. ಈ ಎರಡು ಬರೆವಣಿಗೆಗಳೂ ಸಮಾನವೆಂದು ಯೂನಿಕೋಡೇ ವಿಧಿಸಿದೆ; ಆದರೆ ಮೂರು ಸಮಚಿಹ್ನೆಗಳ ಹೋಲಿಕೆ ಆ ವಿಧಿಯನ್ನು ಕೇಳುವುದಿಲ್ಲ, ಅಂಕೆಗೆ ಅಂಕೆ ತಾಳೆ ನೋಡುತ್ತದೆ ಅಷ್ಟೆ. ಆದ್ದರಿಂದ ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಜಾವಾಸ್ಕ್ರಿಪ್ಟಿನ ೨೦೧೫ರ ಪರಿಷ್ಕರಣದಲ್ಲಿ ಇದಕ್ಕೆಂದೇ ‘ನಾರ್ಮಲೈಸ್’ ಎಂಬ ಆಜ್ಞೆ ಸೇರಿದೆ. ಅದಕ್ಕೆ ಮುಖ್ಯವಾಗಿ ಎರಡು ಬಗೆ: ಬಿಡಿ ಚಿಹ್ನೆಗಳನ್ನು ಕೂಡಿಸುವುದು ಒಂದು, ಕೂಡಿದವನ್ನು ಬಿಡಿಸುವುದು ಇನ್ನೊಂದು. ನಮ್ಮ ಸಂಧಿ ಮತ್ತು ಪದಚ್ಛೇದ ಎನ್ನೋಣ. ಯಾವುದನ್ನು ಆರಿಸಿದರೂ ಬಾಧಕವಿಲ್ಲ, ಎರಡು ಕಡೆಗೂ ಅದೇ ನಡೆಯಬೇಕು. ನಾನು ಅವಸರದಲ್ಲಿ ಮೊದಲು ಬರೆದ ಹೆಸರನ್ನು ಮಾತ್ರ ಕೂಡಿಸಿದೆ. ಅದು ಮೊದಲೇ ಕೂಡಿತ್ತು, ಏನೂ ಬದಲಾಗಲಿಲ್ಲ. ಪಟ್ಟಿಯ ಹೆಸರನ್ನೂ ಕೂಡಿಸಿದಾಗ ಗೋದಾವರಿ ಸಿಕ್ಕಳು. ಅವಳೊಡನೆ ಇನ್ನೂ ಹತ್ತು ಮಂದಿ ಸಿಕ್ಕರು.

ಎರಡು ಹೆಸರು ಉಳಿದವು. ಒಂದರಲ್ಲಿ ಕಚೇರಿಯವರು ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತಿದ್ದರು. ಎರಡೂ ಒಂದೊಂದು ದುಂಡು; ಕಣ್ಣಿಗೆ ಒಡಹುಟ್ಟಿದವು. ಅನುಸ್ವಾರದ ಮನೆ ೩೨೦೨, ಸೊನ್ನೆಯ ಮನೆ ೩೩೦೨. ಇದನ್ನು ಯಾವ ನಾರ್ಮಲೈಸೂ ಸರಿಮಾಡದು, ಏಕೆಂದರೆ ಇದು ರೂಪಭೇದವಲ್ಲ, ತಪ್ಪೇ, ಕೈಯಿಂದ ತಿದ್ದಬೇಕು. ಇನ್ನೊಂದು ‘ಮಂಜುನಾಥ್’. ಅದರ ಕೊನೆಯಲ್ಲಿ ೮೨೦೪ ಎಂಬ ಅಂಕೆಯ ಒಂದು ಕುರುಹಿತ್ತು. ಅದಕ್ಕೆ ಆಕಾರವಿಲ್ಲ, ಅಗಲವಿಲ್ಲ. ವ್ಯಂಜನಗಳು ಒತ್ತಕ್ಷರವಾಗಿ ಕೂಡಿಕೊಳ್ಳದಂತೆ ನಡುವೆ ನಿಲ್ಲುವುದು ಅದರ ಕೆಲಸ. ಪದದ ಕೊನೆಯಲ್ಲಿ ಅದಕ್ಕೆ ಕೆಲಸವೇ ಇಲ್ಲ, ಆದರೂ ಬಂದು ಕುಳಿತಿತ್ತು. ಟ್ರಿಮ್ ಆಜ್ಞೆ ಅದನ್ನು ಖಾಲಿ ಜಾಗವೆಂದು ಒಪ್ಪದೆ ಬಿಟ್ಟಿತ್ತು.

ಅದನ್ನು ಎಲ್ಲ ಹೆಸರುಗಳಿಂದಲೂ ಅಳಿಸಿಹಾಕೋಣವೆಂದು ಕೈ ಹೋಯಿತು. ಆಗ ಸಂಪಾದನಶಾಸ್ತ್ರದ ಒಂದು ಪಾಠ ನೆನಪಾಯಿತು. ಓಲೆಗರಿಯ ಪ್ರತಿಗಳಲ್ಲಿ ಎ, ಏಗಳಿಗೂ ಒ, ಓಗಳಿಗೂ ಸಾಮಾನ್ಯವಾಗಿ ಭೇದ ತೋರಿಸಿರುವುದಿಲ್ಲ. ಅಲ್ಲಿ ಹ್ರಸ್ವವೋ ದೀರ್ಘವೋ ಎಂಬುದನ್ನು ಛಂದಸ್ಸನ್ನೂ ಅರ್ಥವನ್ನೂ ನೋಡಿ ಸಂಪಾದಕನು ನಿರ್ಣಯಿಸುತ್ತಾನೆ. ಆದರೆ ನಿರ್ಣಯಿಸಿದ ಮಾತ್ರಕ್ಕೆ ಮೂಲ ಓಲೆಯನ್ನು ಕೆರೆದು ತಿದ್ದುವುದಿಲ್ಲ. ‘ರಾಜ್‌ಕುಮಾರ’ ಎಂದು ಜಕಾರವನ್ನು ಬಿಡಿಸಿ ಬರೆದುಕೊಳ್ಳುವ ಹುಡುಗನ ಹೆಸರಿನ ನಡುವೆಯೂ ಅದೇ ೮೨೦೪ ಇದೆ. ಅಳಿಸಿದರೆ ಅವನು ‘ರಾಜ್ಕುಮಾರ’ ಆಗುತ್ತಾನೆ. ಅವನ ಹೆಸರನ್ನು ಕೆಡಿಸಲು ನನಗೆ ಯಾವ ಅಧಿಕಾರ? ಆದ್ದರಿಂದ ಹೆಸರನ್ನು ಅವರವರು ಬರೆದಂತೆಯೇ ಇಟ್ಟು, ಹೋಲಿಕೆಗೆಂದು ಮಾತ್ರ ಒಂದು ನಕಲನ್ನು ಮಾಡಿ, ಅದರಲ್ಲಿ ಕೂಡಿಸುವುದನ್ನು ಕೂಡಿಸಿ ಕಳೆಯುವುದನ್ನು ಕಳೆದೆ. ‘ಲಕ್ಷ್ಮಿ’ಗೂ ‘ಲಕ್ಷ್ಮೀ’ಗೂ ಇರುವ ಭೇದವನ್ನು ಮಾತ್ರ ಹಾಗೆಯೇ ಬಿಟ್ಟೆ. ಅದು ಬರೆದವರ ಭೇದ, ಯಂತ್ರದ ಭೇದವಲ್ಲ.

ಬುಧವಾರ ಬೆಳಗ್ಗೆ ಕಾಲೇಜಿಗೆ ಬೇಗನೆ ಹೋದೆ. ಸಿಕ್ಕದೆ ಹೋದ ಹದಿನೇಳು ಮಂದಿಗೂ ಕಚೇರಿಯಿಂದ ಹೇಳಿಕಳುಹಿಸಿದೆ. ಹದಿನಾರು ಮಂದಿ ಬಂದರು. ಗೋದಾವರಿ ಬರಲಿಲ್ಲ. ಹೆಸರು ಇಲ್ಲವೆಂದ ಮೇಲೆ ಪರೀಕ್ಷಾ ಶುಲ್ಕಕ್ಕೆ ದಾರಿಯಿಲ್ಲ, ಈ ವರ್ಷ ಪರೀಕ್ಷೆ ಬೇಡ ಎಂದುಕೊಂಡು ಮಂಗಳವಾರ ಸಂಜೆಯ ಬಸ್ಸಿಗೇ ಊರಿಗೆ ಹೊರಟುಹೋದಳೆಂದು ಅವಳ ಗೆಳತಿ ತಿಳಿಸಿದಳು. ಊರಿನಲ್ಲಿ ಕಡಲೆಕಾಯಿ ಕೀಳುವ ಕಾಲ. ಕೂಲಿಯಾದರೂ ಉಳಿಯುತ್ತದೆ ಎಂದಿದ್ದಳಂತೆ.

ನನಗೆ ಕುಳಿತ ಜಾಗ ಮುಳ್ಳಾಯಿತು. ಪ್ರಿನ್ಸಿಪಾಲರ ಬಳಿಗೆ ಹೋಗಿ ಇದ್ದುದನ್ನು ಇದ್ದಹಾಗೆ ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದು, ಅವಧಿಯನ್ನು ಒಂದು ವಾರ ಮುಂದಕ್ಕೆ ಹಾಕಿದರು. ಗೆಳತಿಯ ಮೊಬೈಲಿನಿಂದಲೇ ಗೋದಾವರಿಯ ಮನೆಗೆ ಮಾತನಾಡಿದೆ. ಅವಳ ತಂದೆ ತೆಗೆದುಕೊಂಡರು. ಕಾಲೇಜಿನ ಮೇಷ್ಟ್ರು ಎಂದು ತಿಳಿದೊಡನೆ ಗಾಬರಿಯಾಗಿ, “ನಮ್ಮ ಹುಡುಗಿ ಏನಾರ ತಪ್ಪು ಮಾಡಿದಳಾ ಸಾಮಿ?” ಎಂದರು.

“ಇಲ್ಲ ಯಜಮಾನರೇ, ತಪ್ಪು ಮಾಡಿದವನು ನಾನು” ಎಂದೆ. ಆ ವಾಕ್ಯವನ್ನು ಹೇಳುವುದು ನಾನು ಎಣಿಸಿದಷ್ಟು ಕಷ್ಟವಾಗಲಿಲ್ಲ.

ಶನಿವಾರ ಅವಳು ಬಂದಳು. ಅಧ್ಯಾಪಕರ ಕೊಠಡಿಯಲ್ಲಿ, ಅಂದು ನಕ್ಕ ಮಿತ್ರರಿಬ್ಬರೂ ಇದ್ದಾಗಲೇ, ಅವಳ ಎದುರಿಗೆ ಕಂಪ್ಯೂಟರನ್ನು ತಿರುಗಿಸಿ, ಎರಡು ಗೋದಾವರಿಗಳ ಅಂಕೆಗಳನ್ನೂ ತೋರಿಸಿದೆ. “ನೀನು ಸರಿಯಾಗಿಯೇ ಬರೆದಿದ್ದೆ ಅಮ್ಮಾ. ದೀರ್ಘವನ್ನು ಬೇರೆ ಇಟ್ಟವನು ನಾನು. ಕ್ಷಮಿಸಬೇಕು” ಎಂದೆ.

ಅವಳು ಪರದೆಯನ್ನು ಬಹಳ ಹೊತ್ತು ನೋಡಿದಳು. “ಎರಡೂ ಒಂದೇ ಥರ ಕಾಣುತ್ತಲ್ಲ ಸರ್. ನಿಮಗೆ ಹೇಗೆ ಗೊತ್ತಾಯಿತು?” ಎಂದಳು.

“ನನಗೆ ಗೊತ್ತಾಗಲಿಲ್ಲ. ನಮ್ಮ ತಾಯಿಗೆ ಗೊತ್ತಿತ್ತು” ಎಂದೆ.

ಅವಳು ತನ್ನ ಮೊಬೈಲು ತೆಗೆದು ಹೆಸರನ್ನು ಬರೆದಳು. ನಾನು ಅವಳ ಬೆರಳನ್ನೇ ನೋಡುತ್ತಿದ್ದೆ. ಗ ಒತ್ತಿದಳು, ಓತ್ವದ ದೀರ್ಘ ಒತ್ತಿದಳು, ಒಂದು ಕುರುಹನ್ನೂ ತಪ್ಪದೆ ಏಳನ್ನೂ ಒತ್ತಿ ಮುಗಿಸಿದಳು. ‘ನಿಮ್ಮ ಹೆಸರು ಪಟ್ಟಿಯಲ್ಲಿದೆ’ ಎಂದು ಬಂತು. ಅವಳ ಮುಖ ಅರಳಿದ್ದನ್ನು ನೋಡಿ, ಆ ಪುಟದ ಇನ್ನೊಂದು ವಾಕ್ಯದ ಕಡೆ ನನ್ನ ಗಮನ ಹೋಯಿತು. ಅಂದು ಸಂಜೆ ಅದನ್ನು ತಿದ್ದಿದೆ. ಈಗ ನಮ್ಮ ಪುಟ ಯಾರಿಗೂ ‘ಈ ಹೆಸರು ಪಟ್ಟಿಯಲ್ಲಿ ಇಲ್ಲ’ ಎನ್ನುವುದಿಲ್ಲ. ‘ಹುಡುಕಿದೆವು, ನಮಗೆ ಸಿಕ್ಕಲಿಲ್ಲ, ದಯವಿಟ್ಟು ಕಚೇರಿಯಲ್ಲಿ ವಿಚಾರಿಸಿ’ ಎನ್ನುತ್ತದೆ.